ಕ್ಯಾಪ್ಸೂಲ್ ಹೋಟೆಲ್‌ನಲ್ಲಿ ಒಂದು ರಾತ್ರಿ: ಗಂಡ ಹೆಂಡತಿ ತಯಾರಾಗುವುದು ಹೇಗೆ?

ಜಪಾನ್‌ಗೆ ಹೊರಟ ಜೋಡಿಗಳು ಮೊದಲೇ ತಿಳಿದಿರಬೇಕಾದ ವಿಷಯ ಒಂದಿದೆ. ರೂಮಿನ ಬದಲು ಒಬ್ಬರು ಮಲಗುವಷ್ಟೇ ಜಾಗದ ಗೂಡುಗಳನ್ನು ಒಂದರ ಮೇಲೊಂದು ಜೋಡಿಸಿರುವ ಅಲ್ಲಿನ ಬಹಳಷ್ಟು ಕ್ಯಾಪ್ಸೂಲ್ ಹೋಟೆಲ್‌ಗಳಲ್ಲಿ ಗಂಡ ಹೆಂಡತಿ ಬೇರೆ ಬೇರೆ ಮಲಗಬೇಕು. ಗಂಡಸರಿಗೆ ಒಂದು ಮಹಡಿ, ಹೆಂಗಸರಿಗೆ ಇನ್ನೊಂದು. ಎಷ್ಟೋ ಕಡೆ ಲಿಫ್ಟ್ ಕೂಡ ಬೇರೆ. ಕೆಲವು ಹೋಟೆಲ್‌ಗಳಲ್ಲಿ ಹೆಂಗಸರಿಗೆ ಜಾಗವೇ ಇಲ್ಲ. ಇದು ಗೊತ್ತಿಲ್ಲದೆ ಹನಿಮೂನ್‌ಗೆ ಬುಕ್ ಮಾಡಿದರೆ ಬೇಜಾರಾಗುತ್ತದೆ. ಗೊತ್ತಿದ್ದೇ ಹೋದರೆ ಅದೊಂದು ಒಳ್ಳೆಯ ಅನುಭವ.

ಯಾವ ರಾತ್ರಿ, ಯಾವ ಹೋಟೆಲ್?

ಮೊದಲ ಕ್ಯಾಪ್ಸೂಲ್ ಹೋಟೆಲ್ ಶುರುವಾಗಿದ್ದು 1979ರಲ್ಲಿ, ಒಸಾಕಾದ ಉಮೆದಾದಲ್ಲಿ. ವಿನ್ಯಾಸ ವಾಸ್ತುಶಿಲ್ಪಿ ಕಿಶೋ ಕುರೊಕಾವಾ ಅವರದು. ಕೊನೆಯ ರೈಲು ತಪ್ಪಿಸಿಕೊಂಡ ನೌಕರರು ಬಂದು ಮಲಗಿ ಹೋಗುವ ಜಾಗ ಎಂದೇ ಇವು ಹೆಸರಾದವು. ಹಾಗಾಗಿ ಇಡೀ ಪ್ರವಾಸಕ್ಕೆ ಇದನ್ನೇ ನೆಚ್ಚಿಕೊಳ್ಳಬೇಡಿ. ಒಂದು ರಾತ್ರಿ ಸಾಕು.

ನನ್ನ ಸಲಹೆ ಕೇಳಿದರೆ, ವಾಪಸ್ ಹೊರಡುವ ಹಿಂದಿನ ರಾತ್ರಿಯನ್ನು ಇಟ್ಟುಕೊಳ್ಳಿ. ಟೋಕಿಯೊ ಬಳಿಯ ನರಿಟಾ ವಿಮಾನ ನಿಲ್ದಾಣದ 2ನೇ ಟರ್ಮಿನಲ್ ಬಳಿಯೇ 'ನೈನ್ ಅವರ್ಸ್' (ಒಂಬತ್ತು ಗಂಟೆ) ಎಂಬ ಕ್ಯಾಪ್ಸೂಲ್ ಹೋಟೆಲ್ ಸರಣಿಯ ಶಾಖೆಯಿದೆ. ಬೆಂಗಳೂರು–ನರಿಟಾ ನೇರ ವಿಮಾನ ಹಿಡಿಯುವವರಿಗೆ ತುಂಬಾ ಅನುಕೂಲ. ಸ್ನಾನಕ್ಕೆ 1 ಗಂಟೆ, ನಿದ್ದೆಗೆ 7, ತಯಾರಾಗಲು 1: ಹೆಸರಿನ ಲೆಕ್ಕ ಇದು. ಇವರ ಕೆಲವು ಶಾಖೆಗಳಲ್ಲಿ, ನೀವು ಒಪ್ಪಿದರೆ, ಮಲಗಿರುವಾಗಲೇ ನಿಮ್ಮ ಗೊರಕೆ, ಉಸಿರಾಟ, ಎದೆಬಡಿತ ಅಳೆದು ವರದಿ ಕೊಡುತ್ತಾರೆ. ಗೊರಕೆ ಯಾರದು ಎನ್ನುವ ಮನೆಯ ಜಗಳ ಅಲ್ಲಿಗೆ ಮುಗಿಯಿತು, ಅಲ್ವಾ?

ತಂತ್ರಜ್ಞಾನವೇ ಮುಖ್ಯ ಎನ್ನುವವರು ಕ್ಯೋಟೊ ಅಥವಾ ಟೋಕಿಯೊದ ಶಿಬುಯಾದಲ್ಲಿರುವ 'ದಿ ಮಿಲೆನಿಯಲ್ಸ್' ನೋಡಬಹುದು. ಅಲ್ಲಿ ಬೆಡ್ಡೇ ಸೋಫಾ ಆಗುತ್ತದೆ. ಬೆಳಿಗ್ಗೆ ಅಲಾರಂ ಕೂಗುವುದಿಲ್ಲ, ಬೆಡ್ಡಿನ ತಲೆಭಾಗ ತಾನಾಗಿ ಮೇಲೆದ್ದು ನಿಮ್ಮನ್ನು ಎಬ್ಬಿಸುತ್ತದೆ. ಬುಕ್ ಮಾಡುವಾಗ ಗಂಡಸರು ಹೆಂಗಸರು ಇಬ್ಬರೂ ಇರಬಹುದಾದ ಮಹಡಿ ಇದೆಯಾ ಎಂದು ವಿಚಾರಿಸಿ.

ಲಗೇಜ್ ಮೊದಲು ಸಾಗಹಾಕಿ

ಜಾಸ್ತಿ ಜನ ಪರದಾಡುವುದು ಇಲ್ಲೇ. ಲಾಕರ್ ಕಿರಿದಾಗಿರುತ್ತದೆ. ದೊಡ್ಡ ಸೂಟ್‌ಕೇಸ್ ಅದರಲ್ಲಿ ಹಿಡಿಸುವುದಿಲ್ಲ. ಹಿಂದಿನ ಹೋಟೆಲ್‌ನಿಂದಲೇ 'ತಕ್ಕ್ಯೂಬಿನ್' ಎಂಬ ಕೊರಿಯರ್‌ನಲ್ಲಿ ಸೂಟ್‌ಕೇಸನ್ನು ವಿಮಾನ ನಿಲ್ದಾಣಕ್ಕೆ ಕಳಿಸಿಬಿಡಿ. ಒಂದೆರಡು ದಿನ ಮೊದಲೇ ಕೊಟ್ಟರೆ ಒಳ್ಳೆಯದು. ಕೈಯಲ್ಲಿ ಇಬ್ಬರಿಗೂ ಒಂದೊಂದು ಚಿಕ್ಕ ಬ್ಯಾಗ್ ಇರಲಿ. ಒಂದೇ ಬ್ಯಾಗಿಗೆ ಇಬ್ಬರ ಬಟ್ಟೆ ತುಂಬಬೇಡಿ. ಪೇಸ್ಟ್, ಔಷಧಿ, ಚಾರ್ಜರ್ ಕೂಡ ಬೇರೆ ಬೇರೆ. ಮಧ್ಯರಾತ್ರಿ ಹೆಂಡತಿಯ ಮಹಡಿಗೆ ಹೋಗಿ ಮಾತ್ರೆ ಕೇಳುವ ಹಾಗಿಲ್ಲ! ಜಪಾನಿನ ಕರೆಂಟ್ 100 ವೋಲ್ಟ್, ಸಾಕೆಟ್‌ಗೆ ಚಪ್ಪಟೆ ಪಿನ್ ಬೇಕು. ಅಡಾಪ್ಟರ್ ಎರಡು ತನ್ನಿ.

ಒಳಗೆ ಹೋದ ಮೇಲೆ

ಬಾಗಿಲಲ್ಲೇ ಶೂ ಬಿಚ್ಚಿ. ಕೌಂಟರ್‌ನಲ್ಲಿ ಪಾಸ್‌ಪೋರ್ಟ್ ಕೇಳುತ್ತಾರೆ. ಟವೆಲ್, ರಾತ್ರಿ ಹಾಕಿಕೊಳ್ಳುವ ಬಟ್ಟೆ ಸಾಮಾನ್ಯವಾಗಿ ಅವರೇ ಕೊಡುತ್ತಾರೆ. ಬೇರೆ ಆಗುವ ಮೊದಲು ಬೆಳಿಗ್ಗೆ ಎಷ್ಟು ಹೊತ್ತಿಗೆ, ಎಲ್ಲಿ ಸಿಗುವುದು ಎಂದು ಮಾತಾಡಿಕೊಳ್ಳಿ.

ಸಾಮೂಹಿಕ ಸ್ನಾನದ ತೊಟ್ಟಿ ಇದ್ದರೆ, ಪುಟ್ಟ ಸ್ಟೂಲ್ ಮೇಲೆ ಕೂತು ಸೋಪು ಹಚ್ಚಿ ಮೈ ಪೂರ್ತಿ ತೊಳೆದುಕೊಂಡ ಮೇಲೆಯೇ ತೊಟ್ಟಿಗೆ ಇಳಿಯಬೇಕು. ಬಟ್ಟೆ ಹಾಕಿಕೊಂಡು ಇಳಿಯುವಂತಿಲ್ಲ. ಹಚ್ಚೆ ಇದ್ದವರನ್ನು ಕೆಲವು ಕಡೆ ಬಿಡುವುದಿಲ್ಲ.

ಈಗ ಕ್ಯಾಪ್ಸೂಲ್. ಉದ್ದ ಸುಮಾರು 2 ಮೀಟರ್, ಅಗಲ ಮತ್ತು ಎತ್ತರ 1 ಮೀಟರ್ ಆಸುಪಾಸು. ಕೂರಬಹುದು, ನಿಲ್ಲಲಾಗದು. ತಲೆಯ ಹತ್ತಿರ ದೀಪದ ಸ್ವಿಚ್, ಸಾಕೆಟ್. ಕಾಲಿನ ಕಡೆ ಪರದೆ ಎಳೆದರೆ ಆಯಿತು, ಬೀಗವಿಲ್ಲ. ದುಡ್ಡು, ಪಾಸ್‌ಪೋರ್ಟ್ ಲಾಕರ್‌ನಲ್ಲೇ ಇಡಿ. ಒಳಗೆ ಫೋನಿನಲ್ಲಿ ಮಾತಾಡಬೇಡಿ, ಮೆಸೇಜ್ ಮಾಡಿ. ಅಲಾರಂ ಬದಲು ವೈಬ್ರೇಷನ್ ಇಡಿ. ಪ್ಲಾಸ್ಟಿಕ್ ಕವರಿನ ಸರಬರ ಸದ್ದು ಆ ಮೌನದಲ್ಲಿ ಹತ್ತು ಜನರನ್ನು ಎಬ್ಬಿಸುತ್ತದೆ. ನಾಳೆಯ ಬಟ್ಟೆಯನ್ನು ಸಂಜೆಯೇ ತೆಗೆದಿಟ್ಟುಕೊಳ್ಳಿ. ಕಿವಿಗೆ ಇಯರ್‌ಪ್ಲಗ್ ಇರಲಿ.

ಬೆಳಿಗ್ಗೆ ಸಾಮಾನ್ಯವಾಗಿ 10 ಗಂಟೆಯೊಳಗೆ ಖಾಲಿ ಮಾಡಬೇಕು. ಎರಡು ರಾತ್ರಿ ಬುಕ್ ಮಾಡಿದ್ದರೂ, ಕ್ಲೀನ್ ಮಾಡುವ ಹೊತ್ತಿಗೆ ಹಲವು ಕಡೆ ಹೊರಗೆ ಕಳಿಸುತ್ತಾರೆ.

ಮುಚ್ಚಿದ ಜಾಗದಲ್ಲಿ ಉಸಿರು ಕಟ್ಟಿದಂತಾಗುವವರು ಇದರ ಗೊಡವೆಗೆ ಹೋಗದಿರುವುದೇ ಒಳ್ಳೆಯದು. ಮೊಣಕಾಲು ನೋವಿದ್ದರೆ, ಕೆಳಗಿನ ಸಾಲಿನ ಕ್ಯಾಪ್ಸೂಲ್ ಬೇಕೆಂದು ಬುಕಿಂಗ್ ಹೊತ್ತಿನಲ್ಲೇ ಕೇಳಿ. ಮೇಲಿನದಕ್ಕೆ ಮೆಟ್ಟಿಲು ಹತ್ತಬೇಕು.