ಮಳೆಗಾಲದಲ್ಲಿ ನೆಲದ ಮೇಲಿನ ಲೂಪ್ ಆಂಟೆನಾ

ನೆಲದ ಮೇಲೆ ತಂತಿಯನ್ನು ಸುತ್ತಾಗಿ ಹಾಸಿ ರೇಡಿಯೋ ಕೇಳುವ ಆಂಟೆನಾ ಇದು. ಚಳಿ ದೇಶಗಳ ಹವ್ಯಾಸಿ ರೇಡಿಯೋದವರಿಗೆ, ಅಂದರೆ ಹ್ಯಾಮ್‌ಗಳಿಗೆ ಹಿಮದ ಚಿಂತೆ, ಉಡುಪಿಯ ನಮಗೆ ಮಳೆಯದು. ಎರಡು ಕಡೆಯೂ ನೋಡಬೇಕಾದ್ದು ಒಂದೇ: ದ್ರವರೂಪದ ನೀರು ಎಷ್ಟಿದೆ? ನೀರಿನ ಡೈಎಲೆಕ್ಟ್ರಿಕ್ ಸ್ಥಿರಾಂಕ (ವಿದ್ಯುತ್ ಕ್ಷೇತ್ರದ ಶಕ್ತಿಯನ್ನು ವಸ್ತು ಎಷ್ಟು ಹಿಡಿದಿಡುತ್ತದೆ ಎಂಬ ಅಳತೆ) ಸುಮಾರು 80. ಮಂಜುಗಡ್ಡೆಯದು ಸುಮಾರು 3, ಒಣ ಹಿಮದ್ದು ಇನ್ನೂ ಕಡಿಮೆ. ಹಾಗಾಗಿ ಒಣ ಹಿಮದಿಂದ ಅಷ್ಟೇನೂ ತೊಂದರೆ ಇಲ್ಲ. ಕರಗುವ ಹಿಮ, ನೆನೆದ ಮಣ್ಣು ಹಾಗಲ್ಲ. ಅವುಗಳಿಂದ ತಂತಿಯ ರೆಸೊನೆನ್ಸ್ (ತಂತಿ ಸಹಜವಾಗಿ ಅನುರಣಿಸುವ ಆವರ್ತನ) ಕೆಳಗಿಳಿಯುತ್ತದೆ, ಸಂಕೇತದ ನಷ್ಟ ಜಾಸ್ತಿಯಾಗುತ್ತದೆ.

ನಾನು 18 ಮೀಟರ್ ಇನ್ಸುಲೇಟೆಡ್ ತಂತಿಯನ್ನು ತೆಂಗಿನ ತೋಟದಲ್ಲಿ ಚೌಕವಾಗಿ ಹಾಸುತ್ತೇನೆ, ಒಂದೊಂದು ಬದಿ ನಾಲ್ಕೂವರೆ ಮೀಟರ್. 160ರಿಂದ 40 ಮೀಟರ್ ತರಂಗಾಂತರದ ಬ್ಯಾಂಡ್‌ವರೆಗೆ ಕೇಳಲು ಇದು ಚೆನ್ನಾಗಿದೆ. ತೆಂಗಿನ ಬುಡದ ಗುಂಡಿ, ತೋಡಿನ ಬದಿ ಬೇಡ. ನೀರು ನಿಲ್ಲದ ಮುರಕಲ್ಲಿನ ದಿಬ್ಬ ಆರಿಸಿ, ಮನೆಯಿಂದ ಸಾಧ್ಯವಾದಷ್ಟು ದೂರ.

ತಂತಿಯನ್ನು ಕೋಆಕ್ಸ್‌ಗೆ (ರೇಡಿಯೋಗೆ ಹೋಗುವ ಕೇಬಲ್) ಹೊಂದಿಸುವ 9:1 ಟ್ರಾನ್ಸ್‌ಫಾರ್ಮರನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು ಕಲ್ಲಿನ ಮೇಲೆ ಕೂರಿಸಿ. ಬೆವರು ನೀರು ಇಳಿಯಲು ಅಡಿಯಲ್ಲಿ ಸಣ್ಣ ತೂತು ಇರಲಿ. ಟ್ರಾನ್ಸ್‌ಫಾರ್ಮರಿನ ಎರಡು ಸುರುಳಿಗಳು ಒಂದಕ್ಕೊಂದು ತಾಗದೆ ಪ್ರತ್ಯೇಕವಾಗಿರಬೇಕು. ಕೋಆಕ್ಸ್‌ಗೆ ಫೆರೈಟ್ ಚೋಕ್ (ಕೇಬಲ್ ಹೊರಮೈಯಲ್ಲಿ ಹರಿದುಬರುವ ಗದ್ದಲ ತಡೆಯುವ ಕಾಂತೀಯ ವಸ್ತು) ಹಾಕಲೇಬೇಕು, ಇಲ್ಲದಿದ್ದರೆ ಎಲ್‌ಇಡಿ ಬಲ್ಬು, ಇನ್ವರ್ಟರುಗಳ ಗದ್ದಲ ಕೇಬಲ್ ಮೇಲೆಯೇ ಬರುತ್ತದೆ. ನನ್ನ ಮಟ್ಟಿಗೆ ತಂತಿಗಿಂತ ಈ ಚೋಕೇ ಮುಖ್ಯ.

ಆಷಾಢದ ಮಳೆಯಲ್ಲಿ ಎಸ್-ಮೀಟರ್ (ಸಂಕೇತದ ಬಲ ತೋರಿಸುವ ಮಾಪಕ) ಇಳಿದರೆ ಗಾಬರಿ ಬೇಡ. ಗದ್ದಲವೂ ಜೊತೆಗೇ ಇಳಿದಿದ್ದರೆ ಮಾತು ಸ್ಪಷ್ಟವಾಗಿಯೇ ಕೇಳುತ್ತದೆ, ನಮಗೆ ಬೇಕಾದ್ದು ಅದೇ ಅಲ್ವಾ? ಸಾಲದಿದ್ದರೆ ಪ್ರೀಆಂಪ್ (ಸಂಕೇತ ವರ್ಧಿಸುವ ಸಾಧನ) ಸೇರಿಸಿ. ಗುಡುಗು ಕೇಳಿಸಿದರೆ ಕೋಆಕ್ಸ್ ಮುಟ್ಟಲು ಹೋಗಬೇಡಿ. ಮೋಡ ಕಟ್ಟುವ ಮೊದಲೇ ಕಳಚಿ ಮನೆಯ ಹೊರಗಿಡಿ.