ಐದು ಎಂಬಿ ಪ್ಲೇಯರ್ ನಂಬಿ ಒಂದು ಸೀಸನ್

ಆಷಾಢ ಬಂತು, ಛತ್ರಗಳಿಗೆ ಬೀಗ ಬಿತ್ತು. ಮದುವೆ, ಸಮಾರಂಭಗಳಿಗೆ ಮೈಕು, ಹಾಡು ಹಾಕುವುದು ನನ್ನ ಕಸುಬು. ಈಗ ಕೈಯಲ್ಲಿ ಕೆಲಸ ಇಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ಕಾರ್ತಿಕದಿಂದ ಇಲ್ಲಿಯವರೆಗೆ ಮೂವತ್ತರ ಮೇಲೆ ಮದುವೆ ಆಗಿರಬೇಕು. ಗೃಹಪ್ರವೇಶ, ನಾಮಕರಣ, ಎರಡು ಶಾಲೆ ವಾರ್ಷಿಕೋತ್ಸವ ಬೇರೆ. ಕಡೇ ಮೂರು ತಿಂಗಳಂತೂ ಒಂದು ಕಡೆಯೂ ಹಾಡು ನಡುವೆ ಕೈಕೊಟ್ಟಿಲ್ಲ. ಇದನ್ನು ಸ್ವಲ್ಪ ಜೋರಾಗಿಯೇ ಹೇಳುತ್ತೇನೆ. ಯಾಕೆಂದರೆ ಹೊಸ ಲ್ಯಾಪ್‌ಟಾಪಿಗೆ ಫೂಬಾರ್ 2000 ಅನ್ನುವ ಹಾಡಿನ ಪ್ಲೇಯರ್ ಹಾಕಿದ ದಿನ ತಿಪಟೂರು ಸುತ್ತಮುತ್ತಲಿನ ಸೌಂಡ್ಸ್ ಗೆಳೆಯರೆಲ್ಲ ನಕ್ಕಿದ್ದರು. “ಐದು ಎಂಬಿನಾ? ನಮ್ಮತ್ತೆ ಕಳಿಸೋ ಗುಡ್ ಮಾರ್ನಿಂಗ್ ವಿಡಿಯೊನೇ ಅದಕ್ಕಿಂತ ದೊಡ್ಡದು” ಅಂದ ಒಬ್ಬ. ಅರಸೀಕೆರೆಯಲ್ಲಿ ಇದೇ ಕೆಲಸ ಮಾಡುವ ನನ್ನ ಭಾವಮೈದನದು ವಾರಕ್ಕೊಂದು ಫೋನ್. “ಭಾವ, ಸುಮ್ನೆ ಡಿಜೆ ಸಾಫ್ಟ್‌ವೇರ್ ತಗೊಳ್ಳಿ. ಕಂಟ್ರೋಲರ್ ಸೇರಿ ಮೂವತ್ತು ಸಾವಿರದಲ್ಲಿ ಮುಗಿಯುತ್ತೆ.”

ಮೂವತ್ತು ಸಾವಿರ! ಲ್ಯಾಪ್‌ಟಾಪೇ ಇಪ್ಪತ್ನಾಲ್ಕು ಸಾವಿರಕ್ಕೆ ಬಂದಿತ್ತು. ಒಂದು ನಾಮಕರಣಕ್ಕೆ ಎರಡು ಸಾವಿರ ಕೊಡಲು ಚೌಕಾಸಿ ಮಾಡುವ ಊರಿದು. ನಾನು ಡಿಜೆ ಅಲ್ಲ. ನನಗೆ ಬೇಕಾದದ್ದು ಕೇಳಿದ ಕ್ಷಣಕ್ಕೆ ಹಾಡು, ನಿಲ್ಲು ಅಂದಾಗ ನಿಲ್ಲುವ ಹಾಡು, ಅಷ್ಟೇ.

ಹೊಸ ಲ್ಯಾಪ್‌ಟಾಪ್ ತಂದ ಮೊದಲ ವಾರ ನಾನು ಮಾಡಿದ್ದೆಲ್ಲ ಎಡವಟ್ಟೇ. ಹಾಡು ಎಲ್ಲ ಇಂಟರ್ನೆಟ್ಟಲ್ಲೇ ಸಿಗುತ್ತಲ್ಲ ಅಂತ ಒಂದು ಆ್ಯಪ್ ಹಾಕಿಕೊಂಡು ಮದುವೆಗೆ ಹೋದೆ. ತಿಂಗಳ ದುಡ್ಡು ಕಟ್ಟಿರಲಿಲ್ಲ, ಜಿಪುಣತನ ನನ್ನದೇ. ಅಂದು ಓಲಗದವರು ಬಂದಿರಲಿಲ್ಲ. ಪುರೋಹಿತರು ಕೈ ಎತ್ತಿ “ಗಟ್ಟಿಮೇಳ, ಗಟ್ಟಿಮೇಳ” ಅಂದರು. ನಾನು ಒತ್ತಿದೆ. ನಾದಸ್ವರದ ಬದಲು ಒಂದು ಹೆಂಗಸು ಸಾಲ ಬೇಕೇ ಅಂತ ಕೇಳಿದಳು. ಛತ್ರದ ಎಂಟು ಸ್ಪೀಕರ್ ಬಾಕ್ಸಲ್ಲೂ. ಹೆಣ್ಣಿನ ತಂದೆ ನನ್ನ ಕಡೆ ತಿರುಗಿ ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ಸಾವಿರದ ಐನೂರು ಕಡಿಮೆ ಕೊಟ್ಟರು, ನಾನೂ ಬಾಯಿ ಬಿಡಲಿಲ್ಲ.

ಆಮೇಲೆ ಲ್ಯಾಪ್‌ಟಾಪ್ ಜೊತೆಗೇ ಬಂದಿದ್ದ ಪ್ಲೇಯರ್. ನನ್ನ ಹತ್ತಿರ ಹನ್ನೊಂದು ಹನ್ನೆರಡು ಸಾವಿರ ಹಾಡಿವೆ, ಹೆಚ್ಚುಕಡಿಮೆ 60 ಜಿಬಿ. ಕ್ಯಾಸೆಟ್ ಕಾಲದಿಂದ ಕೂಡಿಟ್ಟದ್ದು. ಅದು ಒಂದೊಂದು ಹಾಡಿಗೂ ಚಿತ್ರ ಹುಡುಕುತ್ತಾ ಕೂತಿತು. 4 ಜಿಬಿ ರ‍್ಯಾಮ್ ಏದುಸಿರು ಬಿಟ್ಟಿತು. ಅದನ್ನೂ ಬಿಟ್ಟೆ.

ಹಳೇ ಪ್ರೀತಿ ಅಂತ ವಿನ್ಯಾಂಪ್ ಕಡೆಗೂ ಹೋದೆ. ಅದು 1997ರಲ್ಲಿ ಬಂದದ್ದು. ನಮ್ಮ ವಯಸ್ಸಿನವರಿಗೆ ಎಂಪಿ3 ಅಂದರೆ ಅದೇ ಅಲ್ವಾ? ಹಳೆಯ ಕಪ್ಪು ಮುಖ ನೋಡಿ ಖುಷಿಯಾಯಿತು. ಆದರೆ ಕನ್ನಡದ ಹೆಸರು ಇರುವ ಹಾಡುಗಳ ಜಾಗದಲ್ಲಿ ಏನೂ ಓದಲಾಗದು. ಬಿಟ್‌ಮ್ಯಾಪ್ ಫಾಂಟ್ ಅಂತ ಒಂದು ಟಿಕ್ ಇದೆ, ಅದನ್ನು ತೆಗೆದರೆ ಕನ್ನಡ ಬರುತ್ತದೆ ಅಂತ ಆಮೇಲೆ ಗೊತ್ತಾಯಿತು. ತಪ್ಪು ಪ್ಲೇಯರಿನದಲ್ಲ. ಅಷ್ಟರಲ್ಲಿ ಮಗಳು ಬೇರೆ ದಾರಿ ತೋರಿಸಿದ್ದಳು. ಹಾಸನದಲ್ಲಿ ಇಂಜಿನಿಯರಿಂಗ್ ಓದುತ್ತಾಳೆ. “ಅಪ್ಪಾ, ವಿನ್ಯಾಂಪ್ ಮಾಡಿದ ಕಂಪನಿಗೆ ಹಿಂದೆ ಕೆಲಸ ಮಾಡಿದವರೇ ಬರೆದದ್ದು ಈ ಫೂಬಾರ್, ನೋಡು” ಅಂದಳು. ಪೀಟರ್ ಪಾವ್ಲೋವ್ಸ್ಕಿ ಅಂತ. 2002ರಿಂದ ಇದೆ. ಇಷ್ಟು ವರ್ಷ ನನ್ನ ಕಣ್ಣಿಗೆ ಬಿದ್ದಿರಲಿಲ್ಲ, ನೋಡಿ.

ತೆರೆದರೆ ಏನೂ ಇಲ್ಲ. ಬೋಳು. ಒಂದು ಪಟ್ಟಿ, ನಾಲ್ಕು ಗುಂಡಿ. ನನಗೆ ಅದೇ ಹಿಡಿಸಿತು. ಇಡೀ ಹನ್ನೆರಡು ಸಾವಿರ ಹಾಡು ತುಂಬಿಸಿದ ಮೇಲೂ ನೂರು ಎಂಬಿ ರ‍್ಯಾಮ್ ಆಸುಪಾಸಿನಲ್ಲೇ ಇರುತ್ತಿತ್ತು. ಕ್ಲಿಕ್ ಮಾಡಿ ಉಸಿರು ಬಿಡುವುದರೊಳಗೆ ತೆರೆಯುತ್ತದೆ. ಹಾಕುವಾಗ ಪೋರ್ಟಬಲ್ ಅಂತ ಆರಿಸಿ. ಆಗ ಸೆಟ್ಟಿಂಗ್ ಎಲ್ಲ ಅದೇ ಫೋಲ್ಡರಿನಲ್ಲಿ ಉಳಿಯುತ್ತದೆ. ನಾಳೆ ಲ್ಯಾಪ್‌ಟಾಪ್ ಕೆಟ್ಟರೆ ಫೋಲ್ಡರ್ ಎತ್ತಿ ಇನ್ನೊಂದಕ್ಕೆ ಇಟ್ಟರಾಯಿತು. ಔಟ್‌ಪುಟ್ ಡಿವೈಸ್ ಮಾತ್ರ ಮತ್ತೆ ಆರಿಸಬೇಕು.

ಈಗ ಆ ಔಟ್‌ಪುಟ್ ವಿಷಯಕ್ಕೇ ಬರುತ್ತೇನೆ. ನನ್ನ ಅರ್ಧ ತಲೆನೋವು ಹೋದದ್ದು ಅಲ್ಲಿ. ಭಾಷಣದ ನಡುವೆ ಲ್ಯಾಪ್‌ಟಾಪ್ ‘ಟಿಂಗ್’ ಅನ್ನುತ್ತದಲ್ಲ, ಅಪ್‌ಡೇಟೋ, ಬ್ಯಾಟರಿಯೋ ಏನೋ ಒಂದು. ಅದು ಬಾಕ್ಸಲ್ಲಿ ಬಂದರೆ ಜನ ನಗುತ್ತಾರೆ. ನಾನು ಮಾಡಿದ್ದು ಇಷ್ಟು. ಯುಎಸ್‌ಬಿ ಸೌಂಡ್ ಕಾರ್ಡ್ ಹಾಕಿ ಅದನ್ನು ಮಿಕ್ಸರಿಗೆ ಕೊಟ್ಟೆ. ವಿಂಡೋಸ್‌ಗೆ ಮಾತ್ರ ಲ್ಯಾಪ್‌ಟಾಪಿನ ಸ್ವಂತ ಸ್ಪೀಕರೇ ಡಿಫಾಲ್ಟ್ ಅಂತ ಹೇಳಿ ಅದರ ಬಾಯಿ ಮುಚ್ಚಿದೆ. ಫೂಬಾರಿನ ಔಟ್‌ಪುಟ್‌ನಲ್ಲಿ ಮಾತ್ರ ಯುಎಸ್‌ಬಿ ಕಾರ್ಡ್ ಆರಿಸಿದೆ. ಟಿಂಗ್ ಎಲ್ಲ ಒಳಗೇ ಸಾಯುತ್ತದೆ, ಹಾಡು ಮಾತ್ರ ಹೊರಗೆ. ಒಂದು ಸಲ ಹುಡುಗನ ಕಾಲಿಗೆ ಸಿಕ್ಕಿ ಕೇಬಲ್ ಕಿತ್ತು ಬಂತು. ಪ್ಲೇಯರ್ ತಪ್ಪು ತೋರಿಸಿ ನಿಂತಿತು. ಮತ್ತೆ ಸಿಕ್ಕಿಸಿ ಪ್ಲೇ ಒತ್ತಿದೆ, ಮುಗಿಯಿತು.

ಕಾರ್ಡಿನಲ್ಲೂ ದುಡ್ಡು ಕಳೆದೆ. ಮೊದಲು ಮುನ್ನೂರೈವತ್ತು ರೂಪಾಯಿಯದು. ಜುಂಯ್ ಅಂತ ಹಮ್ಮಿಂಗ್. ಚಾರ್ಜರ್ ತೆಗೆದರೆ ಹೋಗುತ್ತಿತ್ತು, ಅಂದರೆ ಅರ್ತಿಂಗ್ ಲೂಪ್, ಚಾರ್ಜರಿನ ಅರ್ತಿಗೂ ಮಿಕ್ಸರಿನ ಅರ್ತಿಗೂ ನಡುವೆ ಸುತ್ತುವ ಕರೆಂಟು. ಮೂರು ಗಂಟೆ ಮದುವೆಗೆ ಬ್ಯಾಟರಿ ಸಾಲದು. ಮತ್ತೆ ಆರುನೂರು ಕೊಟ್ಟು ಆ ಸುತ್ತು ತುಂಡರಿಸುವ ಐಸೋಲೇಟರ್ ತಂದೆ, ಹಮ್ಮಿಂಗ್ ಹೋಯಿತು, ಜೊತೆಗೆ ಬಾಸೂ ಸ್ವಲ್ಪ ಹೋಯಿತು. ಕೊನೆಗೆ ಒಳ್ಳೇ ಸೌಂಡ್ ಕಾರ್ಡೇ ಇರಲಿ ಅಂತ ಐದೂವರೆ ಸಾವಿರದ ಎರಡು ಚಾನೆಲ್ ಇಂಟರ್‌ಫೇಸ್ ತಗೊಂಡೆ. ಅದರ, ಹಮ್ಮಿಂಗ್ ಹಿಡಿಯದ ಬ್ಯಾಲೆನ್ಸ್ಡ್ ಔಟ್‌ನಿಂದ ಸೀದಾ ಮಿಕ್ಸರಿಗೆ. ಮೊದಲೇ ತಗೊಂಡಿದ್ದರೆ ಸಾವಿರ ರೂಪಾಯಿ ಉಳಿಯುತ್ತಿತ್ತು.

ಎರಡನೇ ತಲೆನೋವು, ವಾಲ್ಯೂಮ್. ಕ್ಯಾಸೆಟ್ಟಿನಿಂದ ಇಳಿಸಿದ ಸೋಬಾನೆ ಪದ ಮೆಲ್ಲಗೆ ಕೇಳುತ್ತದೆ. ಅದರ ಹಿಂದೆ ಹೊಸ ಸಿನಿಮಾ ಹಾಡು ಬಂದರೆ ಮುಂದಿನ ಸಾಲಿನ ಅಜ್ಜಿಯರು ಕಿವಿ ಮುಚ್ಚುತ್ತಾರೆ. ಮೊದಲೆಲ್ಲ ಮಿಕ್ಸರಿನ ವಾಲ್ಯೂಮ್ ಫೇಡರ್ ಹಿಡಿದೇ ಕೂರುತ್ತಿದ್ದೆ, ಊಟಕ್ಕೂ ಏಳುವ ಹಾಗಿರಲಿಲ್ಲ. ಫೂಬಾರಿನಲ್ಲಿ ಎಲ್ಲ ಹಾಡನ್ನೂ ಒಂದೇ ಸದ್ದಿಗೆ ತರುವ ರಿಪ್ಲೇಗೇನ್ ಇದೆ. ರಾತ್ರಿ ಎಲ್ಲ ಹಾಡನ್ನೂ ಸ್ಕ್ಯಾನಿಗೆ ಹಚ್ಚಿ ಮಲಗಿದೆ. ಬೆಳಗ್ಗೆ ನೋಡಿದರೆ ಮುಗಿದಿತ್ತು. ಹಾಡನ್ನು ಮುಟ್ಟುವುದಿಲ್ಲ, ಇಷ್ಟು ಕಡಿಮೆ ಮಾಡು ಇಷ್ಟು ಹೆಚ್ಚು ಮಾಡು ಅಂತ ಫೈಲಿನಲ್ಲಿ ಒಂದು ಚೀಟಿ ಬರೆದಿಡುತ್ತದೆ, ಅಷ್ಟೇ. ನಮ್ಮ ಕೆಲಸಕ್ಕೆ ಒಂದೊಂದು ಹಾಡನ್ನೂ ಬೇರೆಬೇರೆ ಸರಿಮಾಡುವ ಟ್ರ್ಯಾಕ್ ಮೋಡ್ ಇಡಿ, ಆಲ್ಬಮ್ ಬೇಡ. ಕ್ಲಿಪಿಂಗ್, ಅಂದರೆ ಸದ್ದು ಮಿತಿ ಮೀರಿ ಒಡೆಯುವುದು, ಅದನ್ನು ತಡೆಯುವುದನ್ನೂ ಆನ್ ಮಾಡಿ.

ಹೊಸ ಹಾಡುಗಳು ಎಂಟು ಹತ್ತು ಡಿಬಿ (ಡೆಸಿಬೆಲ್) ಕೆಳಗೆ ಇಳಿಯುತ್ತವೆ. “ಸೌಂಡೇ ಇಲ್ಲ” ಅಂತ ಗಾಬರಿಯಾಗಬೇಡಿ. ಮಿಕ್ಸರಿನಲ್ಲಿ ಗೇನ್ ಏರಿಸಿ. ಅಪಾಯ ಇರುವುದು ಬೇರೆ ಕಡೆ. ಆರತಕ್ಷತೆಯಲ್ಲಿ ಯಾರೋ ಪೆನ್‌ಡ್ರೈವ್ ತಂದು “ಅಣ್ಣ, ಇದೊಂದು ಹಾಕಿ” ಅಂದರು. ಆ ಹಾಡು ಸ್ಕ್ಯಾನ್ ಆಗಿರಲಿಲ್ಲ. ಏರಿಸಿಟ್ಟ ಗೇನಿಗೆ ಅದು ಬಾಂಬ್ ಬಿದ್ದ ಹಾಗೆ ಬಂತು. ಒಂದು ಟ್ವೀಟರ್, ಕೀಚಲು ಸ್ವರದ ಚಿಕ್ಕ ಸ್ಪೀಕರ್, ಹೋಯಿತು. ಅದರ ಪೊರೆ (ಡಯಾಫ್ರಾಮ್) ಬದಲಿಸಲು ಎಂಟುನೂರು ಕೊಟ್ಟ ನೆನಪು. ಅಂದಿನಿಂದ ರಿಪ್ಲೇಗೇನ್ ಇಲ್ಲದ ಹಾಡಿಗೆ ಪ್ರೀಆ್ಯಂಪ್ ಮೈನಸ್ ಎಂಟು, ಅಂದರೆ ಎಂಟು ಡಿಬಿ ಕಡಿಮೆ, ಇಟ್ಟಿದ್ದೇನೆ. ರಿಪ್ಲೇಗೇನ್ ಸೆಟ್ಟಿಂಗ್ ಇರುವ ಪುಟದಲ್ಲೇ ಎರಡನೇ ಪಟ್ಟಿ.

ಇನ್ನು ಕನ್ನಡದ ಕಥೆ. ಇದು ನನ್ನ ಹಳೇ ಪಾಪ. ಹದಿನೈದು ವರ್ಷದ ಹಿಂದೆ ಒಬ್ಬ ಹುಡುಗನಿಗೆ ಹಾಡಿಗೆ ಐವತ್ತು ಪೈಸೆಯಂತೆ ಕೊಟ್ಟು ನಾಲ್ಕು ಸಾವಿರ ಹಾಡಿನ ಹೆಸರು ಟೈಪ್ ಮಾಡಿಸಿದ್ದೆ. ಎಲ್ಲ ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ. ಅವನು ಎಕ್ಸೆಲ್ಲಿನಲ್ಲಿ ತೋರಿಸಿದಾಗ ಮುತ್ತಿನಂಥ ಕನ್ನಡ. ಅದನ್ನೇ ಹಾಡುಗಳ ಟ್ಯಾಗಿಗೆ, ಅಂದರೆ ಫೈಲಿನೊಳಗೆ ಹೆಸರು ಬರೆದಿಡುವ ಜಾಗಕ್ಕೆ, ತುಂಬಿದ ಮೇಲೆ ಯಾವ ಪ್ಲೇಯರಿನಲ್ಲಿ ನೋಡಿದರೂ ಟೋಪಿ ಹಾಕಿದ ಇಂಗ್ಲಿಷ್ ಅಕ್ಷರಗಳು. ಹಳೇ ನುಡಿ ಫಾಂಟು ಇಂಗ್ಲಿಷ್ ಅಕ್ಷರದ ಮೇಲೆ ಕನ್ನಡದ ಮುಖವಾಡ ತೊಡಿಸುತ್ತಿತ್ತು, ಫಾಂಟ್ ತೆಗೆದರೆ ಮುಖವಾಡ ಬಿತ್ತು. ಎರಡು ಸಾವಿರ ರೂಪಾಯಿ ನೀರಿಗೆ ಹೋಯಿತು ಅಂದುಕೊಂಡಿದ್ದೆ. ಮಗಳು ಆ ಪಟ್ಟಿಯನ್ನು ಎಲ್ಲ ಕಡೆ ಓದಲು ಬರುವ ಯೂನಿಕೋಡಿಗೆ ತಿರುಗಿಸಿ ಎಂಪಿ3ಟ್ಯಾಗ್ ಅನ್ನುವ ಸಾಫ್ಟ್‌ವೇರ್ ಮೂಲಕ ಮತ್ತೆ ತುಂಬಿದಳು. ಅರ್ಕಾವೊತ್ತು ಇರುವ ಹೆಸರುಗಳು ಕಲಸುಮೇಲೋಗರ ಆಗಿದ್ದವು. ಒಂದಿನ್ನೂರು ಕೈಯಲ್ಲೇ ತಿದ್ದಿದೆ.

ಆದರೆ ಮದುವೆ ಗಲಾಟೆಯಲ್ಲಿ ಕನ್ನಡ ಟೈಪ್ ಮಾಡಲು ನನಗೆ ನಿಧಾನ. ಹಾಗಾಗಿ ಟ್ಯಾಗಿನ ಕಾಮೆಂಟ್ ಜಾಗದಲ್ಲಿ ಇಂಗ್ಲಿಷ್ ಅಕ್ಷರದ ಸ್ಪೆಲ್ಲಿಂಗೂ ತುಂಬಿದ್ದೇನೆ. ಲಕ್ಷ್ಮಿಗೆ ಐದು ಥರ, ಕೃಷ್ಣನಿಗೆ ನಾಲ್ಕು ಥರ. ನನ್ನ ಕೆಲಸದ ಹುಡುಗ ಹೇಗೆ ಟೈಪ್ ಹೊಡೆದರೂ ಸಿಗುತ್ತದೆ. ಹುಡುಕುವ ಕಿಟಕಿಗೆ ಒಂದು ಕೀ ಇಟ್ಟಿದ್ದೇನೆ, ಸಿಕ್ಕ ಹಾಡನ್ನು ಕ್ಯೂಗೆ ಸೇರಿಸಲು ಇನ್ನೊಂದು. ಯಾರಾದರೂ ಬಂದು ಅರ್ಧ ಸಾಲು ಗುನುಗಿದರೆ ಸಾಕು.

ಗಟ್ಟಿಮೇಳಕ್ಕೆ ಪ್ರತ್ಯೇಕ ಕೀ. ಇಲ್ಲೂ ಒಂದು ಎಡವಟ್ಟಾಗಿದೆ. ಹಾಡು ನಿಲ್ಲಿಸುವಾಗ ಥಟ್ಟನೆ ಕತ್ತರಿಸಿದ ಹಾಗೆ ಆಗಬಾರದು ಅಂತ ಸದ್ದು ಮೆಲ್ಲಗೆ ಇಳಿಯುವ ಫೇಡಿಂಗ್ ಹಾಕಿದೆ. ಫೇಡ್ ಔಟ್ ಜೊತೆಗೆ ಶುರುವಿನಲ್ಲಿ ಮೆಲ್ಲಗೆ ಏರುವ ಫೇಡ್ ಇನ್ ಕೂಡ ಎರಡು ಸೆಕೆಂಡ್ ಇಟ್ಟುಬಿಟ್ಟಿದ್ದೆ. ತಾಳಿ ಕಟ್ಟುವಾಗ ಗಟ್ಟಿಮೇಳ ನಾಚಿಕೊಂಡು, ಬಾಗಿಲ ಸಂದಿಯಿಂದ ಬಂದ ಹಾಗೆ ಬಂತು. ಫೇಡ್ ಇನ್ ಸೊನ್ನೆ ಇರಲಿ, ಔಟ್ ಒಂದು ಸೆಕೆಂಡಿನ ಒಳಗಿರಲಿ.

ಶಾಲೆ, ಸರ್ಕಾರಿ ಕಾರ್ಯಕ್ರಮಕ್ಕೆ ಬೇರೆ ಪ್ಲೇಲಿಸ್ಟ್. ನಾಡಗೀತೆ ಮೈಸೂರು ಅನಂತಸ್ವಾಮಿಯವರ ಧಾಟಿಯದ್ದೇ ಇರಬೇಕು, ಎರಡೂವರೆ ನಿಮಿಷ ಅಂತ 2022ರಲ್ಲಿ ಆದೇಶ ಆಗಿದೆಯಲ್ಲ. ಹಳೇ ಉದ್ದದ ರೆಕಾರ್ಡಿಂಗ್ ಇನ್ನೂ ಇಟ್ಟುಕೊಂಡಿದ್ದರೆ ಬೇರೆ ಫೋಲ್ಡರಿಗೆ ಹಾಕಿ. ರಾಷ್ಟ್ರಗೀತೆ 52 ಸೆಕೆಂಡಿನದು. ಎರಡಕ್ಕೂ ‘ಸ್ಟಾಪ್ ಆಫ್ಟರ್ ಕರೆಂಟ್’ (ಈ ಹಾಡು ಮುಗಿದ ಮೇಲೆ ನಿಲ್ಲು) ಒತ್ತಲೇಬೇಕು. ರಾಷ್ಟ್ರಗೀತೆಗೆ ಎಲ್ಲ ನೆಟ್ಟಗೆ ನಿಂತಿರುವಾಗ ಹಿಂದೆಯೇ ಐಟಂ ಸಾಂಗ್ ಶುರುವಾದರೆ ಏನು ಗತಿ? ನನಗಾಗಿಲ್ಲ. ಆದವರನ್ನು ನೋಡಿದ್ದೇನೆ.

ಮುಂದಿನ ಹಾಡನ್ನು ಮೊದಲೇ ಕಿವಿಗೆ ಕೇಳಿ ನೋಡಲು ಎಐಎಂಪಿ ಅಂತ ಇನ್ನೊಂದು ಹಗುರ ಪ್ಲೇಯರ್ ಇಟ್ಟಿದ್ದೇನೆ. ಅದು ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿಗೆ, ಫೂಬಾರ್ ಯುಎಸ್‌ಬಿಗೆ. ಮೂವತ್ತು ಸಾವಿರದ ಕಂಟ್ರೋಲರ್ ಮಾಡುವ ಕೆಲಸದಲ್ಲಿ ನನಗೆ ಬೇಕಿದ್ದ ಭಾಗ ಇಷ್ಟೇ.

ಹಳೇ ಲ್ಯಾಪ್‌ಟಾಪನ್ನೂ ಎಸೆಯಲಿಲ್ಲ. ಪರದೆ ಸತ್ತಿತ್ತು, 2 ಜಿಬಿ ರ‍್ಯಾಮ್. ಮಗಳು ಅದಕ್ಕೆ ವಿಂಡೋಸ್ ಬದಲು ಲಿನಕ್ಸ್ ಹಾಕಿ ಎಂಪಿಡಿ ಅನ್ನುವ ಪ್ಲೇಯರ್ ಕೂರಿಸಿದಳು. ಅದಕ್ಕೆ ಪರದೆಯೇ ಬೇಡ, ಹಿಂದೆ ಕೂತು ಹಾಡುತ್ತದೆ, ಮೊಬೈಲಿನಿಂದ ಹಾಡು ಬದಲಿಸಬಹುದು. ಈಗ ಅದು ನಮ್ಮ ಬೀದಿಯ ಆಂಜನೇಯನ ಗುಡಿಯಲ್ಲಿದೆ. ಬೆಳಗ್ಗೆ ಆರಕ್ಕೆ ತಾನೇ ಶುರು, ಏಳಕ್ಕೆ ತಾನೇ ಬಂದ್. ಆರಕ್ಕೆ ಮೊದಲು ಮೈಕ್ ಹಚ್ಚುವ ಹಾಗಿಲ್ಲವಲ್ಲ. ಕರೆಂಟ್ ಹೋಗಿ ಬಂದಾಗ ಒಂದೆರಡು ಸಲ ಗಡಿಯಾರ ತಪ್ಪಿ ಮಧ್ಯಾಹ್ನ ಸುಪ್ರಭಾತ ಹಾಡಿದೆ. ಒಳಗಿನ ಚಿಕ್ಕ ಬ್ಯಾಟರಿ ಸೆಲ್ ಸತ್ತಿತ್ತು. ಮೂವತ್ತು ರೂಪಾಯಿ.

ಹೋದ ತಿಂಗಳು ಭಾವಮೈದ ಬೀಗರೂಟಕ್ಕೆ ಬಂದಿದ್ದ. ನನ್ನ ಪಕ್ಕದಲ್ಲೇ ಕೂತು ಎರಡು ಗಂಟೆ ನೋಡಿದ. ಊಟಕ್ಕೆ ಎದ್ದು ಹೋಗಿ ಬಂದೆ, ಹಾಡು ನಡೆಯುತ್ತಲೇ ಇತ್ತು, ಯಾರೂ ಫೇಡರ್ ಮುಟ್ಟಿರಲಿಲ್ಲ. ಹೊರಡುವಾಗ “ಭಾವ, ಆ ಫೋಲ್ಡರ್ ನಂಗೂ ಕೊಡಿ” ಅಂದ. ಡಿಜೆ ಸಾಫ್ಟ್‌ವೇರ್ ಮಾತು ಎತ್ತಲಿಲ್ಲ. ಪೆನ್‌ಡ್ರೈವಿಗೆ ಹಾಕಿ ಕೊಟ್ಟೆ. ಗಟ್ಟಿಮೇಳದ ಫೈಲ್ ಮಾತ್ರ ಅದರಿಂದ ಅಳಿಸಿ ಕೊಟ್ಟೆ. ಮೊದಲ ಏಟೇ ಪೂರಾ ಬೀಳುವ ಹಾಗೆ, ತಾಳಿ ಕಟ್ಟುವುದು ಎಷ್ಟೇ ತಡವಾದರೂ ಜೋಡಣೆ ಗೊತ್ತಾಗದ ಹಾಗೆ ಅದನ್ನು ನಾನೇ ಕತ್ತರಿಸಿ ಕೂಡಿಸಿದ್ದು. ಅವನು ಎರಡು ಸಲ ಫೋನ್ ಮಾಡಿ ಕೇಳಿದ. ನೆಟ್‌ವರ್ಕ್ ಸರಿ ಇಲ್ಲ ಅಂದೆ.