ಮಳೆಗೆ ಹೋದ ಮನೆಯ ಪರಿಹಾರ: ಕಡತದ ಮೇಲೆ ಕಣ್ಣಿಡುವುದು ಹೇಗೆ

ಕೊಡಗಿನ ಮಾದಾಪುರ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್ ಕೆಲಸ ಮಾಡಿ ನಿವೃತ್ತನಾದವನು ನಾನು. ಚೆಕ್‌ರೋಲ್ ಎಂಬ ಆಳುಗಳ ಹಾಜರಿ ಪುಸ್ತಕ, ಪಗಾರ ಪಟ್ಟಿ, ಗೊಬ್ಬರದ ದಾಸ್ತಾನು ಬರೆದೇ ವಯಸ್ಸು ಕಳೆಯಿತು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು ಸುತ್ತ ಗುಡ್ಡಗಳು ಜರಿದಾಗಿನಿಂದ ಪರಿಹಾರದ ಅರ್ಜಿ ಬರೆಸಿಕೊಳ್ಳಲು ಜನ ನನ್ನ ಬಳಿ ಬರುತ್ತಿದ್ದಾರೆ. ತೋರ ಗ್ರಾಮದಲ್ಲಿ ಗುಡ್ಡ ಕುಸಿದ 2019ರಲ್ಲಿ ಕರಡಿಗೋಡು, ನೆಲ್ಯಹುದಿಕೇರಿಯ ಹೊಳೆದಂಡೆಯವರೂ ಬಂದರು. ಎಲ್ಲರಿಗೂ ಮೊದಲು ಹೇಳುವ ಮಾತು ಒಂದೇ. ನಿಮ್ಮ ಮನೆಗೆ ಹಣ ಮಂಜೂರು ಮಾಡುವವರು, ಕಂತು ಬಿಡುವವರು, ಆಮೇಲೆ ಲೆಕ್ಕ ತಪಾಸಣೆ ಮಾಡುವವರು, ಇವರಲ್ಲಿ ಹೆಚ್ಚಿನವರು ನಿಮ್ಮ ಮನೆಯನ್ನು ಕಂಡೇ ಇರುವುದಿಲ್ಲ. ಅವರಿಗೆ ಕಾಣುವುದು ಕಡತ. ಅದರಲ್ಲಿ ಏನು ಬರೆದಿದೆ ಎಂಬುದು ನಿಮಗೆ ಗೊತ್ತಿರಬೇಕು. ತಪ್ಪಿದ್ದರೆ ನಿಮ್ಮ ಆಕ್ಷೇಪಣೆಯೂ ಅದೇ ಕಡತದೊಳಗೆ ಕೂತಿರಬೇಕು.

ಯಾವ ಆದೇಶ, ಎಷ್ಟು ಹಣ

ಮನೆ ಪರಿಹಾರದಲ್ಲಿ ಎರಡು ಪಾಲು ಇರಬಹುದು. ಒಂದು ರಾಜ್ಯ ವಿಪತ್ತು ಪರಿಹಾರ ನಿಧಿಯದು, ಅಂದರೆ ಎಸ್‌ಡಿಆರ್‌ಎಫ್. ಕರ್ನಾಟಕದ ಮಟ್ಟಿಗೆ ಇದರಲ್ಲಿ ಕೇಂದ್ರದ್ದು ಶೇ 75, ರಾಜ್ಯದ್ದು ಶೇ 25. ಇದರ ದರವನ್ನು ಕೇಂದ್ರ ಗೃಹ ಸಚಿವಾಲಯ ಗೊತ್ತು ಮಾಡುತ್ತದೆ. 2022ರಿಂದ 2026ರ ಅವಧಿಗೆ ಪೂರ್ತಿ ಹಾಳಾದ ಮನೆಗೆ ಬಯಲು ಪ್ರದೇಶದಲ್ಲಿ 1,20,000, ಗುಡ್ಡಗಾಡು ಪ್ರದೇಶದಲ್ಲಿ 1,30,000 ರೂಪಾಯಿ. ನಿಮ್ಮ ಮನೆಯನ್ನು ಈ ಎರಡರಲ್ಲಿ ಯಾವ ಸಾಲಿಗೆ ಸೇರಿಸಿದ್ದಾರೆ ಎಂದು ತಾಲ್ಲೂಕು ಕಚೇರಿಯಲ್ಲಿ ಕೇಳಿಕೊಳ್ಳಿ. ಇನ್ನೊಂದು ಪಾಲು ರಾಜ್ಯ ಸರ್ಕಾರ ತನ್ನ ಬೊಕ್ಕಸದಿಂದ ಮೇಲೆ ಸೇರಿಸುವುದು. 2019ರಲ್ಲಿ ಹೀಗೆ ಸೇರಿಸಿಯೇ ಶೇ 75ಕ್ಕಿಂತ ಹೆಚ್ಚು ಹಾನಿಯಾದ ‘ಎ’ ವರ್ಗದ ಮನೆಗೆ 5 ಲಕ್ಷ ಎಂದು ಆದೇಶವಾಯಿತು. ಶೇ 25ರಿಂದ 75ರವರೆಗೆ ಹಾನಿಯಾದದ್ದು ‘ಬಿ’. ಅದನ್ನು ಕೆಡವಿ ಕಟ್ಟಿದರೆ 5 ಲಕ್ಷ, ರಿಪೇರಿಯಾದರೆ 3 ಲಕ್ಷ. ಶೇ 15ರಿಂದ 25ರವರೆಗಿನ ‘ಸಿ’ಗೆ 50,000.

ಆ 5 ಲಕ್ಷದ ಮಾತನ್ನು ಜನ ಇವತ್ತಿಗೂ ಹಿಡಿದುಕೊಂಡಿದ್ದಾರೆ. ಆದರೆ ರಾಜ್ಯದ ಪಾಲು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಮನೆ ಬಿದ್ದ ದಿನಾಂಕಕ್ಕೆ ಯಾವ ಆದೇಶ ಜಾರಿಯಲ್ಲಿತ್ತೋ ಅದರಂತೆಯೇ ಲೆಕ್ಕ. ಹಾಗಾಗಿ ತಾಲ್ಲೂಕು ಕಚೇರಿಗೆ ಹೋದಾಗ ‘ಎಷ್ಟು ಬರುತ್ತದೆ ಸಾರ್’ ಎಂದಷ್ಟೇ ಕೇಳಿ ಬರಬೇಡಿ. ‘ಯಾವ ಆದೇಶ, ಅದರ ಸಂಖ್ಯೆ ಏನು, ದಿನಾಂಕ ಏನು’ ಎಂದು ಕೇಳಿ ಬರೆದುಕೊಳ್ಳಿ. ಮುಂದಿನ ಪ್ರತಿ ಅರ್ಜಿಯ ತಲೆಯ ಮೇಲೆ ಆ ಸಂಖ್ಯೆ ಇರಲಿ.

ಮಹಜರು ಬರೆಯುವ ದಿನ

ಇಡೀ ವ್ಯವಹಾರದಲ್ಲಿ ಅತಿ ಮುಖ್ಯವಾದ ದಿನ ಇದು. ನಾಲ್ಕು ವಾಕ್ಯ ಹೆಚ್ಚಾದರೂ ಇದನ್ನು ವಿವರವಾಗಿ ಹೇಳಿಬಿಡುತ್ತೇನೆ.

ಗ್ರಾಮ ಆಡಳಿತಾಧಿಕಾರಿ, ಎಂಜಿನಿಯರ್, ಪಂಚಾಯಿತಿಯವರು ಜಂಟಿಯಾಗಿ ಬಂದು ಹಾನಿ ನೋಡುತ್ತಾರೆ. ಎ, ಬಿ, ಸಿ ತೀರ್ಮಾನವಾಗುವುದು ಅವರು ಸ್ಥಳದಲ್ಲೇ ಬರೆಯುವ ಮಹಜರು ಹಾಳೆಯ ಮೇಲೆ. ಬಯಲುಸೀಮೆಯಲ್ಲಿ ನೆರೆ ಬಂದರೆ ಗೋಡೆ ಬೀಳುತ್ತದೆ, ಬಿದ್ದದ್ದನ್ನು ಅಳೆಯಬಹುದು. ನಮ್ಮಲ್ಲಿ ಹಾಗಲ್ಲ. ಬರೆ, ಅಂದರೆ ಗುಡ್ಡದ ಕಡಿದಾದ ಅಂಚು, ಜರಿದು ಮನೆಯ ಅಡಿಯ ಮಣ್ಣೇ ಸರಿದಿರುತ್ತದೆ, ಗೋಡೆ ಮಾತ್ರ ನೆಟ್ಟಗೆ ನಿಂತಿರುತ್ತದೆ. ಮಕ್ಕಂದೂರಿನಾಚೆಯ ಒಬ್ಬ ವಿಧವೆಯ ಮನೆ ಹಾಗೇ ಇತ್ತು. ಅಡುಗೆಮನೆಯ ಸಿಮೆಂಟು ನೆಲದಲ್ಲಿ ಒಂದು ಮೂಲೆಯಿಂದ ಬಾಗಿಲವರೆಗೆ ಬಿರುಕು. ಕೊಡೆಯ ತುದಿ ಇಳಿಸಿದರೆ ಹಿಡಿಯ ತನಕ ಹೋಗುತ್ತಿತ್ತು. ಒಳಗಿನಿಂದ ನೀರು ಹರಿಯುವ ಸದ್ದು ಕೇಳುತ್ತಿತ್ತು. ಹಾಳೆಯಲ್ಲಿ ಬರೆದದ್ದು ‘ಗೋಡೆಯಲ್ಲಿ ಬಿರುಕು, ಭಾಗಶಃ ಹಾನಿ’ ಎಂದು. ನಾವು ಮರುಪರಿಶೀಲನೆಗೆ ಅರ್ಜಿ ಕೊಟ್ಟು, ನೆಲದ ಫೋಟೋ ಲಗತ್ತಿಸಿ, ಎಂಜಿನಿಯರ್ ಮತ್ತೊಮ್ಮೆ ಬಂದು ‘ತಳಪಾಯ ಕುಸಿದಿದೆ, ನಿವೇಶನ ಬಿರುಕು ಬಿಟ್ಟಿದೆ, ವಾಸಕ್ಕೆ ಯೋಗ್ಯವಲ್ಲ’ ಎಂದು ಬರೆದ ಮೇಲೆಯೇ ವರ್ಗ ಬದಲಾದದ್ದು. ಕೊಡಗಿನಲ್ಲಿ ಮನೆ ಕಳೆದುಕೊಂಡವರು ನೆನಪಿಡಬೇಕಾದ ಪದಗಳು ಇವೇ ಮೂರು: ತಳಪಾಯ, ನಿವೇಶನ, ವಾಸಯೋಗ್ಯತೆ. ಗೋಡೆಯ ವಿಷಯ ಮಾತ್ರ ಬರೆದ ಹಾಳೆಗೆ ಓದದೆ ಸಹಿ ಹಾಕಬೇಡಿ.

ಓದಲು ಬಾರದಿದ್ದರೆ ಗಟ್ಟಿಯಾಗಿ ಓದಿ ಹೇಳಿ ಎಂದು ಕೇಳಿ. ಅದು ನಿಮ್ಮ ಹಕ್ಕು, ಉಪಕಾರವಲ್ಲ. ಸಹಿ ಹಾಕುವ ಮೊದಲು ಹಾಳೆಯ ಫೋಟೋ ತೆಗೆದುಕೊಳ್ಳಿ. ತಾಲ್ಲೂಕಿನಲ್ಲಿ ಅದು ಕಂಪ್ಯೂಟರಿಗೆ ಏರಿದ ಮೇಲೆ ನಮೂದಿನ ಸಂಖ್ಯೆ ಪಡೆದುಕೊಳ್ಳಿ. ನಮೂದಿಗೆ ಗಡುವು ಇರುತ್ತದೆ. ಮಳೆಗೆ ರಸ್ತೆ ಕಡಿದು ಸಮೀಕ್ಷೆಯವರು ಬರಲಾಗದ ಮನೆಗಳು ಗಡುವಿನ ಹೊರಗೆ ಉಳಿದುಬಿಡುತ್ತವೆ. ಯಾರೂ ಬಾರದಿದ್ದರೆ ನೀವೇ ಕಾಯದೆ ಲಿಖಿತ ಅರ್ಜಿ ಕೊಡಿ. ಅರ್ಜಿ ಕೊಡುವುದು ಟಪಾಲು ವಿಭಾಗದಲ್ಲಿ. ಮೊಹರು ಮತ್ತು ದಿನಾಂಕ ಇರುವ ಸ್ವೀಕೃತಿ ಪ್ರತಿ ಕೈಗೆ ಬರುವವರೆಗೆ ಅಲ್ಲಿಂದ ಕದಲಬೇಡಿ. ಗುಮಾಸ್ತರ ಕೈಗೆ ಕೊಟ್ಟು ಬಂದ ಕಾಗದ ಕಡತ ಸೇರಿತು ಎಂದು ಹೇಳುವ ಹಾಗಿಲ್ಲ.

ಪೈಸಾರಿ, ಬಾಣೆ, ಲೈನ್ ಮನೆ

ಎಸ್‌ಡಿಆರ್‌ಎಫ್ ನಿಯಮದಲ್ಲಿ ಒಂದು ಸಾಲು ಇದೆ: ಹಾಳಾದ ಮನೆ ಅಧಿಕೃತ ಕಟ್ಟಡ ಎಂದು ಸಕ್ಷಮ ಪ್ರಾಧಿಕಾರ ದೃಢೀಕರಿಸಬೇಕು. ನಮ್ಮ ಜಿಲ್ಲೆಯಲ್ಲಿ ಎಷ್ಟೋ ಕುಟುಂಬ ಈ ಸಾಲಿಗೆ ಸಿಕ್ಕಿ ಬೀಳುತ್ತವೆ. ಪೈಸಾರಿಯಲ್ಲಿ, ಅಂದರೆ ಸರ್ಕಾರಿ ಜಾಗದಲ್ಲಿ, ಕಟ್ಟಿಕೊಂಡವರು ಭೂಕಂದಾಯ ಕಾಯ್ದೆಯ 94ಸಿ ಅಡಿ ಸಕ್ರಮಕ್ಕೆ ಅರ್ಜಿ ಹಾಕಿದ್ದರೆ ಅದರ ಸ್ವೀಕೃತಿ, ಜೊತೆಗೆ ಮನೆ ಕಂದಾಯದ ರಸೀದಿ, ವಿದ್ಯುತ್ ಬಿಲ್, ಪಡಿತರ ಚೀಟಿ, ಮತದಾರರ ಪಟ್ಟಿಯ ಪ್ರತಿ, ಎಲ್ಲವನ್ನೂ ಒಟ್ಟಿಗೆ ಲಗತ್ತಿಸಿ. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಬಾಣೆ ಜಮೀನಿನ ಆರ್‌ಟಿಸಿಯಲ್ಲಿ ಪಟ್ಟೇದಾರರಾದ ಕುಟುಂಬದ ಹಿರಿಯರ ಹೆಸರಷ್ಟೇ ಇದ್ದು ವಾಸ ಇನ್ನೊಬ್ಬರದಾದರೆ, ಕುಟುಂಬದವರ ಒಪ್ಪಿಗೆ ಪತ್ರವನ್ನು ಮೊದಲೇ ಬರೆಸಿಟ್ಟುಕೊಳ್ಳಿ. ಹಣ ಮಂಜೂರಾದ ಮೇಲೆ ಕುಟುಂಬದ ಮೂಲಮನೆಯಾದ ಐನ್‌ಮನೆಯಲ್ಲಿ ಕೂತು ಮಾತಾಡುವುದು ಬಹಳ ಕಷ್ಟ.

ಲೈನ್ ಮನೆಯವರ, ಅಂದರೆ ತೋಟದ ಸಾಲುಮನೆಗಳಲ್ಲಿರುವ ಕಾರ್ಮಿಕರ, ಸ್ಥಿತಿ ನನ್ನನ್ನು ಹೆಚ್ಚು ಕಾಡುತ್ತದೆ. ಅವರ ಹೆಸರನ್ನು ಚೆಕ್‌ರೋಲಿನಲ್ಲಿ ಬರೆದವನೇ ನಾನು. ಮನೆ ತೋಟದ್ದಾದ್ದರಿಂದ ಕಟ್ಟಡದ ಪರಿಹಾರಕ್ಕೆ ಅವರ ಹೆಸರು ಸಾಮಾನ್ಯವಾಗಿ ಏರುವುದಿಲ್ಲ. ಆದರೆ ಮನೆ ಕೊಚ್ಚಿಹೋದರೆ, ಪೂರ್ತಿ ಹಾಳಾದರೆ ಅಥವಾ ಎರಡು ದಿನಕ್ಕಿಂತ ಹೆಚ್ಚು ಮುಳುಗಿದ್ದರೆ ಬಟ್ಟೆಬರೆಗೆ 2,500, ಪಾತ್ರೆ ಪಗಡಕ್ಕೆ 2,500 ರೂಪಾಯಿ ಕುಟುಂಬಕ್ಕೆ ಎಂದು 2022ರ ನಿಯಮದಲ್ಲೇ ಇದೆ. ಆ ಪಟ್ಟಿಗೆ ಹೆಸರು ಸೇರಿಸಿ ಎಂದು ಬೇರೆಯೇ ಅರ್ಜಿ ಕೊಡಿ. ಕಾರ್ಮಿಕರಿಗೆ ವಾಸದ ಮನೆ ಒದಗಿಸುವುದು 1951ರ ತೋಟ ಕಾರ್ಮಿಕರ ಕಾಯ್ದೆಯ ಕಾಲದಿಂದ ಮಾಲೀಕರ ಹೊಣೆ. ಅದನ್ನು ಕಾರ್ಮಿಕ ಇಲಾಖೆಗೆ ಬರೆಯಬೇಕು, ತಹಶೀಲ್ದಾರರಿಗಲ್ಲ.

ಕಂತು, ಜಿಪಿಎಸ್ ಫೋಟೋ, ‘ಬ್ಲಾಕ್’

ಮನೆ ಕಟ್ಟುವ ಹಣ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ ಮೂಲಕ ಬರುವುದಾದರೆ ಹಂತ ಹಂತವಾಗಿ ಬರುತ್ತದೆ. ತಳಪಾಯ, ಲಿಂಟಲ್, ಛಾವಣಿ, ಪೂರ್ಣ ಎಂಬ ಹಂತಗಳ ಫೋಟೋವನ್ನು ಸ್ಥಳದಲ್ಲೇ ನಿಂತು ಜಿಪಿಎಸ್ ಸಮೇತ ಆ್ಯಪಿಗೆ ಏರಿಸಬೇಕು. ಆ ಫೋಟೋವೇ ನಿಮ್ಮ ಮನೆಯ ವರದಿ. ಅದು ಏರದಿದ್ದರೆ ಮೇಲಿನವರ ಪಾಲಿಗೆ ನಿಮ್ಮ ಗೋಡೆ ಎದ್ದೇ ಇಲ್ಲ. ಕಾಲೂರಿನಂಥ ಕಡೆ ನೆಟ್‌ವರ್ಕ್ ಸಿಗದೆ, ಮಂಜು ಕವಿದು ಫೋಟೋ ಮಸುಕಾಗಿ ಸಾಕಾಗಿಬಿಡುತ್ತದೆ. ಫೋಟೋ ತೆಗೆದ ದಿನ, ತೆಗೆದವರ ಹುದ್ದೆ, ಹಂತ ಇಷ್ಟನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ನಿಮ್ಮ ಫೋನಿನಲ್ಲೂ ಅದೇ ಜಾಗದಿಂದ ಒಂದು ಫೋಟೋ ಇರಲಿ. ವಾರ ಕಳೆದ ಮೇಲೆ ನಿಗಮದ ಜಾಲತಾಣದಲ್ಲಿ ಫಲಾನುಭವಿ ಸಂಖ್ಯೆ ಹಾಕಿ ಹಂತ ಬದಲಾಗಿದೆಯೇ ನೋಡಿ.

ಇಲ್ಲಿ ಎರಡು ತೊಡಕು ಕೊಡಗಿನವೇ. ಗುಡ್ಡ ಜರಿದ ಜಾಗದಲ್ಲಿ ಮತ್ತೆ ಕಟ್ಟುವುದು ಬೇಡವೆಂದು ಬೇರೆ ಕಡೆ ಕಟ್ಟಲು ಹೊರಟರೆ, ಹಾನಿಯಾದ ಮನೆಯ ಸ್ಥಳ ಒಂದು, ಹೊಸ ತಳಪಾಯದ ಸ್ಥಳ ಇನ್ನೊಂದು. ಮೊದಲ ಫೋಟೋಗೆ ಮುಂಚೆಯೇ ಸ್ಥಳ ಬದಲಾವಣೆಗೆ ಲಿಖಿತ ಅನುಮತಿ ಪಡೆಯಿರಿ. ಎರಡನೆಯದು ನಮ್ಮ ಋತು. ಜೂನ್‌ನಿಂದ ಸೆಪ್ಟೆಂಬರ್ ತನಕ ತಳಪಾಯ ತೋಡಲಾಗುವುದಿಲ್ಲ. ಡಿಸೆಂಬರ್‌ನಿಂದ ಕಾಫಿ ಕೊಯ್ಲು, ಆಗ ಆಳು ಸಿಗುವುದಿಲ್ಲ. ನಿಗದಿತ ಸಮಯದಲ್ಲಿ ಹಂತ ಮುಟ್ಟದ ಮನೆ ‘ಬ್ಲಾಕ್’ ಆಗುತ್ತದೆ, ಅಂದರೆ ಮುಂದಿನ ಕಂತು ನಿಲ್ಲುತ್ತದೆ. ಬ್ಲಾಕ್ ಆದ ಮೇಲೆ ಓಡಾಡುವುದಕ್ಕಿಂತ ಮೇ ತಿಂಗಳಲ್ಲೇ ಕಾರಣ ಬರೆದು ಪಿಡಿಒ ಮತ್ತು ತಹಶೀಲ್ದಾರ್ ಇಬ್ಬರಿಗೂ ಕಾಲಾವಕಾಶದ ಅರ್ಜಿ ಕೊಡುವುದು ಮೇಲು.

ಕರ್ಣಂಗೇರಿ, ಮದೆನಾಡು, ಜಂಬೂರು ಬಡಾವಣೆಗಳಲ್ಲಿ ಸರ್ಕಾರವೇ ಕಟ್ಟಿಕೊಟ್ಟ ಮನೆ ಪಡೆದವರಿಗೆ ಕಂತಿನ ಗೋಜಿಲ್ಲ. ಅಂಥ ಬಡಾವಣೆಗಳಲ್ಲಿ ಸೋರಿಕೆ, ಚರಂಡಿ, ತಡೆಗೋಡೆಯ ತೊಂದರೆ ಕಂಡರೆ ಮನೆ ಸಂಖ್ಯೆವಾರು ಪಟ್ಟಿ ಮಾಡಿ ಹತ್ತಾರು ಮಂದಿ ಒಟ್ಟಿಗೆ ಸಹಿ ಹಾಕಿ ಜಿಲ್ಲಾಧಿಕಾರಿಗಳಿಗೆ ಕೊಡಿ. ಅವರು ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು.

ಲೆಕ್ಕ ಕೇಳುವ ದಾರಿಗಳು

ಹಣ ಖರ್ಚಾದ ಮೇಲೆ ಕೆಳಗಿನ ಕಚೇರಿ ಮೇಲಿನದಕ್ಕೆ ಬಳಕೆ ಪ್ರಮಾಣಪತ್ರ ಕಳಿಸುತ್ತದೆ. ಎಸ್‌ಡಿಆರ್‌ಎಫ್ ಲೆಕ್ಕವನ್ನು ಭಾರತದ ಮಹಾಲೇಖಪಾಲರು, ಅಂದರೆ ಸಿಎಜಿ, ಪರಿಶೋಧಿಸುತ್ತಾರೆ. ರಾಜ್ಯದ ಕುರಿತ ಅವರ ವರದಿ ಸಂವಿಧಾನದ 151ನೇ ವಿಧಿಯಂತೆ ವಿಧಾನಮಂಡಲದ ಮುಂದೆ ಬರುತ್ತದೆ, ಅಲ್ಲಿ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಪ್ರಶ್ನೆ ಕೇಳುತ್ತದೆ. ಇದೆಲ್ಲ ಬೆಂಗಳೂರಿನ ಮಾತು ಎನ್ನಿಸಬಹುದು. ಆದರೆ ಪರಿಶೋಧಕರು ತಾಲ್ಲೂಕಿಗೆ ಬಂದಾಗ ತೆರೆಯುವುದು ಇದೇ ಕಡತವನ್ನು. ಮೊಹರು ಬಿದ್ದ ನಿಮ್ಮ ಆಕ್ಷೇಪಣೆ ಅದರಲ್ಲಿದ್ದರೆ ಅದಕ್ಕೆ ಕಚೇರಿ ಉತ್ತರ ಕೊಡಲೇಬೇಕಾಗುತ್ತದೆ.

ಊರಿನ ಮಟ್ಟದಲ್ಲಿ ಗ್ರಾಮಸಭೆಯೇ ದೊಡ್ಡ ಬಲ. ಫಲಾನುಭವಿ ಪಟ್ಟಿಯನ್ನು ಸಭೆಯಲ್ಲಿ ಓದಿಸಿ. ಬಿಟ್ಟುಹೋದ ಹೆಸರು, ಮನೆ ಬೀಳದಿದ್ದರೂ ಸೇರಿದ ಹೆಸರು ಎರಡನ್ನೂ ನಡಾವಳಿ ಪುಸ್ತಕದಲ್ಲಿ ಬರೆಸಿ, ಬರೆದದ್ದನ್ನು ಕಣ್ಣಾರೆ ನೋಡಿ. ನೆರೆಮನೆಯವರ ಮನಸ್ಸು ನೋಯುತ್ತದೆಂದು ಸುಮ್ಮನಿರುವುದನ್ನು ನಾನು ಒಪ್ಪುವುದಿಲ್ಲ. ಸುಳ್ಳು ಹಾನಿ ತೋರಿಸಿ ಹಣ ಪಡೆಯುವುದು 2005ರ ವಿಪತ್ತು ನಿರ್ವಹಣಾ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಎರಡು ವರ್ಷದವರೆಗೆ ಜೈಲಾಗುವ ಅಪರಾಧ. ಪರಿಹಾರದ ಹಣ ನುಂಗಿದವರಿಗೆ 53ನೇ ಸೆಕ್ಷನ್‌ನಲ್ಲೂ ಅಷ್ಟೇ ಶಿಕ್ಷೆ.

ಬಾಯಿಮಾತಿಗೆ ಕಡತ ತೋರಿಸದಿದ್ದರೆ ಮಾಹಿತಿ ಹಕ್ಕು ಬಳಸಿ. ಶುಲ್ಕ 10 ರೂಪಾಯಿ. ಬಿಪಿಎಲ್ ಕಾರ್ಡಿನವರು ಕಟ್ಟಬೇಕಿಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ‘ನನಗೆ ಯಾಕೆ ಹಣ ಬಂದಿಲ್ಲ’ ಎಂದು ಬರೆದರೆ ಅದು ಪ್ರಶ್ನೆ, ದಾಖಲೆಯಲ್ಲ ಎಂದು ವಾಪಸು ಬರುತ್ತದೆ. ಹೀಗೆ ಬರೆಯಿರಿ: ‘ನನ್ನ ಮನೆಯ ಹಾನಿ ಕುರಿತ ಮಹಜರು, ಜಂಟಿ ಸಮೀಕ್ಷಾ ವರದಿ, ವರ್ಗ ನಿಗದಿಪಡಿಸಿದ ಟಿಪ್ಪಣಿ ಹಾಳೆ, ಕಂತು ಬಿಡುಗಡೆ ಆದೇಶ, ಇವುಗಳ ದೃಢೀಕೃತ ಪ್ರತಿ ಕೊಡಿ; ಕಡತ ಪರಿಶೀಲನೆಗೂ ಅವಕಾಶ ಕೊಡಿ.’ ಟಿಪ್ಪಣಿ ಹಾಳೆ ಕೇಳುವುದನ್ನು ಮರೆಯಬೇಡಿ. ಯಾರ ಮೇಜಿನ ಮೇಲೆ ಎಷ್ಟು ದಿನ ಕೂತಿತ್ತು ಎಂಬುದು ಗೊತ್ತಾಗುವುದು ಅದರಲ್ಲೇ. ಊರಿನ ಇಡೀ ಪಟ್ಟಿ ಬೇಕಾದರೆ ಕಾಯ್ದೆಯ 4(1)(ಬಿ) ಸೆಕ್ಷನ್ ಹೆಸರಿಸಿ. ಸಹಾಯಧನ ಯೋಜನೆಗಳ ಮೊತ್ತ ಮತ್ತು ಫಲಾನುಭವಿಗಳ ವಿವರವನ್ನು ಕಚೇರಿ ತಾನಾಗಿಯೇ ಪ್ರಕಟಿಸಬೇಕು ಎಂದು ಅಲ್ಲಿದೆ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅದರ ನಂತರದ 30 ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯದು.

ದೂರಷ್ಟೇ ದಾಖಲಾದರೆ ಸಾಕೆಂದರೆ ರಾಜ್ಯ ಸರ್ಕಾರದ ದೂರು ಸಹಾಯವಾಣಿ 1902ಕ್ಕೆ ಕರೆ ಮಾಡಿ ಸಂಖ್ಯೆ ಪಡೆಯಿರಿ. ಯಾರಾದರೂ ಕಂತು ಬಿಡಲು ಹಣ ಕೇಳಿದರೆ ಮಾತ್ರ ಇಷ್ಟು ದಾರಿ ಸುತ್ತಬೇಡಿ, ಮಡಿಕೇರಿಯಲ್ಲಿರುವ ಲೋಕಾಯುಕ್ತ ಪೊಲೀಸರ ಬಳಿ ನೇರವಾಗಿ ಹೋಗಿ, ಹಣ ಕೊಡುವ ಮೊದಲೇ ಹೋಗಿ.